ನಾನು ಉದ್ದ ಮೇಜು ಸಂಘದ ಕಾರ್ಯದರ್ಶಿಯಾಗಿದ್ದ ಬೇಸಿಗೆ

ಬೇರೆಯವರಿಗೆ ಏಲಕ್ಕಿ ವಾಸನೆ ಅಂದರೆ ಪಾಯಸ. ನನಗೆ ಅದು ಸಂಘದ ಸಭೆ. ಹೋದ ವಾರ ಸ್ವೀಡನ್ನಿನ ನಾರ್‌ಶೋಪಿಂಗ್‌ನ ನಮ್ಮ ಆಫೀಸಿಗೆ ಯಾರೋ ಹುಟ್ಟುಹಬ್ಬದ ಲೆಕ್ಕದಲ್ಲಿ ಏಲಕ್ಕಿ ಬನ್ನು ತಂದಿದ್ದರು. ಲಿಫ್ಟಿನಿಂದ ಇಳಿಯುತ್ತಿದ್ದಂತೆ ಆ ವಾಸನೆ ಬಂತು, ನನ್ನ ಕೈ ತಾನೇ ತಾನಾಗಿ ಜೇಬಿನಲ್ಲಿ ಪೆನ್ನು ಹುಡುಕಿತು. ಹಾಜರಿದ್ದವರ ಹೆಸರು ಬರೆದುಕೊಳ್ಳಬೇಕಲ್ಲ! ಮೂರು ವರ್ಷದ ಹಿಂದೆ ಉಪ್ಸಾಲಾದಲ್ಲಿ ಕಳೆದ ಒಂದೇ ಒಂದು ಬೇಸಿಗೆ ನನ್ನ ಕೈಗೆ ಹಚ್ಚಿದ ಚಟ ಅದು. ಆ ಬೇಸಿಗೆಯಲ್ಲಿ ನಾನು, ಗದಗದ ಲಿಂಗಾಯತರ ಹುಡುಗ, ಒಂದೂ ಮದುವೆಯಾಗದವನು, ಕ್ರೈಸ್ತರಲ್ಲಿ ಬಹುವಿವಾಹಕ್ಕೆ ಮಾನ್ಯತೆ ಕೇಳುವ ಸಂಘವೊಂದರ ಕಾರ್ಯದರ್ಶಿಯಾಗಿದ್ದೆ.

ಇದಕ್ಕೆಲ್ಲ ಕಾರಣ ರೂಮು. ಉಪ್ಸಾಲಾಕ್ಕೆ ಮಾಸ್ಟರ್ಸ್ ಮಾಡಲು ಬಂದವನಿಗೆ ಮೊದಲ ಆರು ತಿಂಗಳಲ್ಲಿ ಸಿಕ್ಕಿದ್ದು ಎರಡು ನೆಗಡಿ, ಒಂದು ಹಳೇ ಸೈಕಲ್ಲು, ಮತ್ತು ರೂಮಿನ ಕ್ಯೂನಲ್ಲಿ ಒಂದು ನಂಬರು. ಆ ನಂಬರು ಎಷ್ಟು ದೊಡ್ಡದಿತ್ತೆಂದರೆ, ನನ್ನ ಸರದಿ ಬರುವಷ್ಟರಲ್ಲಿ ನನ್ನ ಮೊಮ್ಮಕ್ಕಳು ಅಲ್ಲಿ ಓದಬಹುದಿತ್ತು. ಕೊನೆಗೆ ಫಾರ್ಮಾ ಕಂಪನಿಯಲ್ಲಿ ಸಂಶೋಧಕಿಯಾಗಿದ್ದ ಮೈಸೂರಿನ ಸುಮಕ್ಕ, ಊರಾಚೆಯ ಒಂದು ಮರದ ಮನೆಯ ಮಾಳಿಗೆ ಕೋಣೆ ಹುಡುಕಿಕೊಟ್ಟರು. ಮನೆಯವರ ಷರತ್ತು ಎರಡು: ಕುಡಿಯುವಂತಿಲ್ಲ, ಭಾನುವಾರ ಗಲಾಟೆ ಮಾಡುವಂತಿಲ್ಲ. ಎರಡಕ್ಕೂ ನನ್ನ ಹತ್ತಿರ ದುಡ್ಡೂ ಇರಲಿಲ್ಲ, ಗೆಳೆಯರೂ ಇರಲಿಲ್ಲ. ಫೆಬ್ರವರಿಯ ಹಿಮದಲ್ಲಿ ಸೂಟ್‌ಕೇಸು ಎಳೆದುಕೊಂಡು ಹೋದೆ.

ಮನೆಯಲ್ಲಿ ಮೂವರು ಹಿರಿಯರು. ಲಾರ್ಸ್, ರಿಟೈರಾದ ಬಡಗಿ, ದಿನಕ್ಕೆ ಮೂರು ಮಾತು ಆಡುವವರು. ಅದರಲ್ಲೂ ಎರಡು ಹವಾಮಾನದ ಬಗ್ಗೆ. ಗುನಿಲ್ಲಾ, ಅವರ ಹೆಂಡತಿ, ಉಳಿದ ಎಲ್ಲ ಮಾತುಗಳನ್ನು ಆಡುವವರು. ಮೂರನೆಯವರು ರೂತ್, ಹತ್ತಿರದ ಒಂದು ಪುಟ್ಟ ಸ್ವತಂತ್ರ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಸಣ್ಣ ದೇಹದ ಹೆಂಗಸು. ಸ್ವೀಡನ್ನಿನಲ್ಲಿ ಪ್ರಧಾನಿಯನ್ನೂ ಹೆಸರು ಹಿಡಿದು ಕರೆಯುತ್ತಾರೆ. ಆದರೆ ಅರವತ್ತು ದಾಟಿದವರನ್ನು ಬರಿ ಹೆಸರಿನಲ್ಲಿ ಕರೆದರೆ ನನ್ನ ನಾಲಿಗೆ ಹುಣ್ಣಾಗುತ್ತದೆ. ಹಾಗಾಗಿ ನನ್ನ ಮನಸ್ಸಿನಲ್ಲಿ ಅವರು ಲಾರ್ಸಪ್ಪ, ಗುನಿಲ್ಲಮ್ಮ, ರೂತಮ್ಮ ಆದರು. ರೂತಮ್ಮ ಗುನಿಲ್ಲಮ್ಮನ ತಂಗಿ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ವಿಡಿಯೋ ಕಾಲ್‌ನಲ್ಲಿ ಅವ್ವ ಕೇಳಿದಾಗಲೂ ಹಾಗೇ ಹೇಳಿದ್ದೆ. ಮೂರು ತಿಂಗಳು ಒಂದೇ ಮನೆಯಲ್ಲಿದ್ದು ಇಷ್ಟೂ ಗೊತ್ತಾಗದವನು ಡೇಟಾ ಸೈನ್ಸ್ ಓದುತ್ತಿದ್ದ ಎಂಬುದನ್ನು ದಯವಿಟ್ಟು ನಮ್ಮ ಪ್ರೊಫೆಸರ್‌ಗೆ ಹೇಳಬೇಡಿ.

ಮೇ ತಿಂಗಳ ಒಂದು ಮಧ್ಯಾಹ್ನ ಅಂಗಳದ ಸೇಬಿನ ಗಿಡ ಹೂ ಬಿಟ್ಟಿತ್ತು. ಫೀಕಾಕ್ಕೆ, ಅಂದರೆ ಜಗತ್ತು ಮುಳುಗುತ್ತಿದ್ದರೂ ಕೆಲಸ ನಿಲ್ಲಿಸಿ ಕಾಫಿ ಕುಡಿಯುವ ಇಲ್ಲಿನ ವ್ರತಕ್ಕೆ, ನಾಲ್ವರೂ ಹೊರಗೆ ಕೂತಿದ್ದೆವು. ಮೂವರ ಮುಖವೂ ಸಪ್ಪಗಿತ್ತು. ನಗಿಸೋಣ ಎಂದು ನಮ್ಮ ಮನೆಯ ಗುಟ್ಟೊಂದನ್ನು ಬಿಚ್ಚಿದೆ: ನನ್ನ ಅಜ್ಜನಿಗೆ ಇಬ್ಬರು ಹೆಂಡತಿಯರು, ನಮಗೆ ದೊಡ್ಡಜ್ಜಿ ಸಣ್ಣಜ್ಜಿ ಇಬ್ಬರು, ಅಜ್ಜ ಕಳೆದುಹೋದ ಕನ್ನಡಕ ಹುಡುಕಲು ಇಬ್ಬರನ್ನೂ ಬೇರೆ ಬೇರೆ ದಿಕ್ಕಿಗೆ ಕಳಿಸುತ್ತಿದ್ದ. ಯಾರೂ ನಗಲಿಲ್ಲ. ಗುನಿಲ್ಲಮ್ಮ ಲೋಟ ಕೆಳಗಿಟ್ಟರು.

"ರೂತ್ ಕೂಡ ಲಾರ್ಸ್‌ನ ಹೆಂಡತಿ. ಹತ್ತೊಂಬತ್ತು ವರ್ಷ ಆಯ್ತು" ಅಂದರು.

ನನ್ನ ಕೈಲಿದ್ದ ಬನ್ನು ಇಡಿಯಾಗಿ ಕಾಫಿಯೊಳಗೆ ಬಿತ್ತು. ಅದನ್ನು ಚಮಚದಲ್ಲಿ ಎತ್ತಲು ಹೋಗಿ ಮೇಜುಬಟ್ಟೆಯ ಮೇಲೆ ಚೆಲ್ಲಿದೆ, ಅದನ್ನು ಒರೆಸಲು ಹೋಗಿ ಹಾಲಿನ ಜಗ್ಗು ಉರುಳಿಸಿದೆ. ಆಗ ಮೂವರೂ ನಕ್ಕರು.

ಕತೆ ಆಮೇಲೆ ಬಂತು. ಇಲ್ಲಿನ ಕಾನೂನಿನಲ್ಲಿ ಒಬ್ಬರಿಗೆ ಒಬ್ಬರೇ. ಕಾಗದದ ಮೇಲೆ ಹೆಂಡತಿ ಗುನಿಲ್ಲಮ್ಮ ಮಾತ್ರ. ರೂತಮ್ಮನ ಜೊತೆ ಆದದ್ದು ಅಡುಗೆಮನೆಯಲ್ಲಿ, ದೇವರ ಸಾಕ್ಷಿಯಾಗಿ ಮೂವರೂ ಕೊಟ್ಟುಕೊಂಡ ಮಾತು. ಅವರ ನಂಬಿಕೆಯ ಪ್ರಕಾರ ಧರ್ಮಗ್ರಂಥದ ಹಿರಿಯರು ಹೀಗೆ ಬಾಳಿದ್ದರು, ದೇವರು ಅವರನ್ನು ಕೈಬಿಟ್ಟಿರಲಿಲ್ಲ. ಚರ್ಚಿನವರ ಮುಂದೆ ಮಾತ್ರ ರೂತಮ್ಮ ಇಷ್ಟು ವರ್ಷ ಬಾಡಿಗೆಗೆ ಇದ್ದವರು. ಆ ಚಳಿಗಾಲ, ನಾನು ಆ ಮನೆಗೆ ಬರುವ ಮೊದಲು, ಲಾರ್ಸಪ್ಪನಿಗೆ ಎದೆನೋವು ಬಂದು ಆಸ್ಪತ್ರೆ ಸೇರಿದಾಗ, ನೀವು ಯಾರು ಎಂದು ಕೇಳಿದ್ದಕ್ಕೆ ರೂತಮ್ಮ ಅಲ್ಲೂ ಬಾಡಿಗೆಯವಳು ಎಂದರು. ಆ ಉತ್ತರ ಅವರಿಗೆ ಜೀರ್ಣವಾಗಲಿಲ್ಲ. ವಸಂತದಲ್ಲಿ ಮೂವರೂ ಪಾಸ್ಟರ್ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಪಾಸ್ಟರ್ ಮೆದು ಮನುಷ್ಯ, ತಲೆ ಹಿಡಿದುಕೊಂಡು ಕೂತರು. ಸೆಪ್ಟೆಂಬರಿನಲ್ಲಿ ಸಭೆ ಸೇರಿ, ಈ ಮೂವರು ಸದಸ್ಯರಾಗಿ ಉಳಿಯಬಹುದೋ ಬಾರದೋ ಎಂದು ಚರ್ಚಿನವರೇ ತೀರ್ಮಾನಿಸಬೇಕು. ಅಲ್ಲಿಯವರೆಗೆ ರೂತಮ್ಮ ಆರ್ಗನ್ ಮುಟ್ಟಬಾರದು, ಪ್ರಭುಭೋಜನಕ್ಕೆ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವಾಗ, ಬರಬಾರದು.

ರೂತಮ್ಮ ದೀಕ್ಷಾಸ್ನಾನ ಪಡೆದದ್ದು ಆ ಚರ್ಚಿನಲ್ಲೇ, ಆರ್ಗನ್ ಕಲಿತದ್ದೂ ಅಲ್ಲೇ. ಆ ಬೇಸಿಗೆಯಿಡೀ ಭಾನುವಾರ ಬೆಳಿಗ್ಗೆ ಅವರು ಅಡುಗೆಮನೆ ಮೇಜಿನ ಅಂಚಿನ ಮೇಲೆ ಹತ್ತೂ ಬೆರಳು ಆಡಿಸುತ್ತಾ ಕೂರುತ್ತಿದ್ದರು. ಸದ್ದಿಲ್ಲ. ಒಂದು ಹಾಡು ಮುಗಿದರೆ ಪುಟ ತಿರುಗಿಸುತ್ತಿದ್ದರು. ಅಲ್ಲಿ ಚರ್ಚಿನಲ್ಲಿ ಆರ್ಗನ್ ಬದಲು ಯಾರದೋ ಫೋನಿನಿಂದ ಹಾಡು ಹಾಕುತ್ತಿದ್ದರಂತೆ. ಎರಡನೇ ಚರಣದಲ್ಲಿ ಒಂದು ಸಲ ಟೈರಿನ ಜಾಹೀರಾತು ಬಂತಂತೆ.

ಗುನಿಲ್ಲಮ್ಮ ಅಳುತ್ತಾ ಕೂರುವ ಪೈಕಿ ಅಲ್ಲ. ತಮ್ಮಂಥ ಮನೆಗಳಿಗೆ ವರ್ಷಗಳಿಂದ ಕಾಗದ ಬರೆಯುತ್ತಿದ್ದರು. ಎಸ್ಕಿಲ್‌ಸ್ಟುನಾದಲ್ಲಿ ಒಂದು ಕುಟುಂಬ, ಉತ್ತರದಲ್ಲಿ ಇನ್ನೊಂದು. ಸಂಘ ಕಟ್ಟೋಣ ಎಂದರು. ಸ್ವೀಡನ್ನಿನಲ್ಲಿ ಇಬ್ಬರಿಗೆ ಒಂದೇ ಹೂವು ಇಷ್ಟವಾದರೆ ಸಂಘ ಕಟ್ಟುತ್ತಾರೆ. ದಾರಿಯಲ್ಲಿ ಮೂರನೆಯವನು ಸಿಕ್ಕರೆ ಅವನನ್ನು ಕಾರ್ಯದರ್ಶಿ ಮಾಡುತ್ತಾರೆ. ನಾನು ಹಿಂದೂ ಎಂದು ನೆನಪಿಸಿದೆ. ಅದು ದೇವರಿಗೂ ನನಗೂ ಬಿಟ್ಟ ವಿಷಯ, ಟೈಪಿಂಗ್ ಬರುತ್ತದಾ ಎಂದು ಕೇಳಿದರು. ಬರುತ್ತದೆ ಎಂದುಬಿಟ್ಟೆ. ಸಂಘದ ಹೆಸರು ಉದ್ದ ಮೇಜು, ಅಂದರೆ ಎಲ್ಲರಿಗೂ ಜಾಗವಿರುವಂಥದ್ದು. ಬೇಡಿಕೆ ಸರಳ: ಇಂಥ ಮನೆಯವರನ್ನು ಯಾವ ಚರ್ಚೂ ಹೊರಹಾಕಬಾರದು, ಅವರ ಮಾತಿಗೆ ಚರ್ಚಿನ ಆಶೀರ್ವಾದ ಸಿಗಬೇಕು, ಕಾನೂನು ಆಮೇಲೆ, ನಮ್ಮ ಕಾಲದಲ್ಲಲ್ಲದಿದ್ದರೆ ಮುಂದಿನವರ ಕಾಲದಲ್ಲಿ. ಮೊದಲ ಸಭೆಗೆ ಐದು ಜನ ಬಂದಿದ್ದರು. ಅಧ್ಯಕ್ಷೆ, ಖಜಾಂಚಿ, ಕಾರ್ಯದರ್ಶಿ, ನಡಾವಳಿ ಸರಿಯಿದೆಯೆಂದು ಸಹಿ ಹಾಕಲು ಇಬ್ಬರು. ಎಲ್ಲರೂ ಪದಾಧಿಕಾರಿಗಳೇ; ಸಾಮಾನ್ಯ ಸದಸ್ಯ ಎಂಬ ಪ್ರಾಣಿ ಉಳಿಯಲೇ ಇಲ್ಲ.

ಸುಮಕ್ಕನಿಗೆ ಹೇಳಿದಾಗ ಅವರು ಬಸ್‌ಸ್ಟಾಪಿನಲ್ಲೇ ನಿಂತುಬಿಟ್ಟರು.

"ಲೋ ಗಿರಿ, ನೀನು ಮಾಸ್ಟರ್ಸ್ ಮಾಡೋಕ್ ಬಂದ್ಯೋ, ಮದುವೆ ಬ್ರೋಕರ್ ಆಗೋಕ್ ಬಂದ್ಯೋ? ಹೋಗ್ಲಿ, ಒಂದು ಹೆಣ್ಣಿಗೆ ಇಬ್ಬರು ಗಂಡಂದಿರು ಅಂದ್ರೂ ನಿಮ್ಮ ಸಂಘ ಒಪ್ಪುತ್ತಾ? ಕೇಳ್ಕೊಂಡ್ ಬಾ."

ನಾನು ಪೆದ್ದನಂತೆ ಮುಂದಿನ ಸಭೆಯಲ್ಲಿ ಕೇಳಿಯೂಬಿಟ್ಟೆ. ಗುನಿಲ್ಲಮ್ಮ ಎಲ್ಲರಿಗೂ ಇನ್ನೊಂದು ಸುತ್ತು ಕಾಫಿ ಬಗ್ಗಿಸಿದರು. ಕೊನೆಗೆ ರೂತಮ್ಮ, ಇಬ್ಬರಿಗೂ ಅಡುಗೆ ಬರುವುದಾದರೆ ಚರ್ಚಿಸಬಹುದು ಎಂದರು. ಲಾರ್ಸಪ್ಪ ಅವತ್ತಿನ ತಮ್ಮ ಮೂರನೇ ಮಾತು ಖರ್ಚು ಮಾಡಿ, ಅದನ್ನು ನಡಾವಳಿಯಲ್ಲಿ ಬರಿ ಎಂದರು.

ಕಾರ್ಯದರ್ಶಿಯಾಗಿ ನನ್ನ ಮೊದಲ ಪ್ರತಾಪ ಸಾರ್ವಜನಿಕ ಸಭೆ. ಹಾಲ್ ಬುಕ್ ಮಾಡಲು ಹೋದಾಗ ಜುಲೈ ಇಡೀ ಖಾಲಿ ಇತ್ತು. ಯಾವ ಶನಿವಾರ ಬೇಕಾದರೂ ಸಿಗುತ್ತದೆ! ಇಂಥ ಅದೃಷ್ಟವನ್ನು ಉಳಿದವರು ಯಾಕೆ ಬಿಟ್ಟರು ಎಂದು ಆಶ್ಚರ್ಯಪಡುತ್ತಾ ಬುಕ್ ಮಾಡಿದೆ. ಜುಲೈಯಲ್ಲಿ ಸ್ವೀಡನ್ನಿಗೆ ಸ್ವೀಡನ್ನೇ ರಜೆ ಹಾಕಿ ಕೆರೆದಂಡೆಯ ಗುಡಿಸಲಿಗೆ ಹೋಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ. ಗುನಿಲ್ಲಮ್ಮನಿಗೆ ಸರ್ಪ್ರೈಸ್ ಕೊಡೋಣ ಎಂದು ದುಡ್ಡು ಕಟ್ಟಿ ಮುಗಿಸುವವರೆಗೂ ಹೇಳಲಿಲ್ಲ. ಹೇಳಿದಾಗ ಅವರು ಹಣೆ ಚಚ್ಚಿಕೊಂಡು, ಆದರೂ ಬಂದರೆ ಬರಲಿ ಎಂದು ನೂರಿಪ್ಪತ್ತು ಏಲಕ್ಕಿ ಬನ್ನು ಬೇಯಿಸಿದರು. ಧೋ ಎಂದು ಮಳೆ. ಬಂದವರು ಇಬ್ಬರು: ಮಳೆಗೆ ನಿಂತ ಒಬ್ಬ ಜರ್ಮನ್ ಪ್ರವಾಸಿ, ಟಾಯ್ಲೆಟ್ ಎಲ್ಲಿ ಎಂದು ಕೇಳಿದ ಅವನ ಹೆಂಡತಿ. ಅವರಿಗೆ ನಾನು ಇಪ್ಪತ್ತು ನಿಮಿಷ ಭಾಷಣ ಮಾಡಿದೆ. ಆಮೇಲೆ ಎರಡು ವಾರ ಆ ಮನೆಯಲ್ಲಿ ತಿಂಡಿಗೆ ಬನ್ನು, ಊಟಕ್ಕೆ ಬನ್ನು, ಒಂದು ದಿನ ನಾನು ಒಗ್ಗರಣೆ ಹಾಕಿದ ಬನ್ನಿನ ಉಪ್ಪಿಟ್ಟು.

ಎರಡನೇ ಪ್ರತಾಪ ಕರಪತ್ರ. ಅದರಲ್ಲಿ ನನ್ನ ಇಬ್ಬರು ಅಜ್ಜಿಯರು ನಾಯಕಿಯರು. ಫೀಕಾದಿಂದ ಫೀಕಾಕ್ಕೆ ನಾನು ಆ ಕತೆಗೆ ತುಪ್ಪ ಸುರಿಯುತ್ತಾ ಬಂದಿದ್ದೆ: ಒಂದೇ ತಟ್ಟೆ, ಒಂದೇ ಕಂಬಳಿ, ಜಗಳ ಎಂದರೆ ಏನೆಂದೇ ಗೊತ್ತಿಲ್ಲದ ಜೀವಗಳು. ಕೇಳುವವರ ಕಣ್ಣು ಒದ್ದೆಯಾದಷ್ಟೂ ನನ್ನ ಅಜ್ಜಿಯರು ಇನ್ನಷ್ಟು ಒಳ್ಳೆಯವರಾದರು. ಅದನ್ನೆಲ್ಲ ನನ್ನ ಮೂರು ತಿಂಗಳ ತರಗತಿಯ ಸ್ವೀಡಿಷ್‌ನಲ್ಲಿ ಅಚ್ಚು ಹಾಕಿಸಿ, ಆಗಸ್ಟಿನಲ್ಲಿ ಸೈಕಲ್ ಮೇಲೆ ಹೋಗಿ ಚರ್ಚಿನವರ ಮನೆಮನೆಗೂ ಹಾಕಿದೆ. ಪ್ರತಿ ಅಂಚೆಡಬ್ಬಿಯ ಮೇಲೂ ಜಾಹೀರಾತು ಬೇಡ, ವಂದನೆಗಳು ಎಂದು ಬರೆದಿತ್ತು. ಕೊನೆಯ ಪದವಷ್ಟೇ ಓದಿ, ವಂದನೆ ಹೇಳಿದ್ದಾರಲ್ಲ ಎಂದು ಖುಷಿಪಟ್ಟು ಎರಡೆರಡು ಹಾಕಿದೆ.

ಮರುದಿನ ಬೆಂಗ್ಟ್ ನಮ್ಮ ಬಾಗಿಲಿಗೆ ಬಂದರು. ಚರ್ಚಿನ ಡೀಕನ್, ಅಂದರೆ ಪಾಸ್ಟರ್‌ಗೆ ನೆರವಾಗುವ ಹಿರಿಯ, ಎತ್ತರದ ಮನುಷ್ಯ, ಭಾನುವಾರ ಹಾಡುವ ಹಾಡುಗಳು ಪುಸ್ತಕದಲ್ಲಿ ಎಷ್ಟನೆಯವು ಎಂಬ ಸಂಖ್ಯೆಯನ್ನು ಗೋಡೆಯ ಹಲಗೆಗೆ ಏರಿಸುವವರು. ಮೂವರನ್ನೂ ಹೊರಗಿಡಬೇಕೆಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದವರು. ಕರಪತ್ರವನ್ನು ಅಂದವಾಗಿ ಮಡಚಿ ನನ್ನ ಕೈಗಿಟ್ಟರು. ಬಿಚ್ಚಿ ನೋಡಿದರೆ ತಪ್ಪುಗಳನ್ನೆಲ್ಲ ಕೆಂಪು ಪೆನ್ಸಿಲಿನಲ್ಲಿ ತಿದ್ದಿದ್ದರು.

"ಇದರಲ್ಲಿರೋ ಒಂದು ಮಾತನ್ನೂ ನಾನು ಒಪ್ಪಲ್ಲ. ಆದರೆ ನಿಮ್ಮ ಕೆಟ್ಟ ಭಾಷೆಯಿಂದಾಗಿ ನಾನು ಗೆದ್ದೆ ಅಂತ ಆಗಬಾರದು" ಎಂದು ಹೇಳಿ ಹೋದರು. ಎದುರಾಳಿ ಇಷ್ಟು ಮರ್ಯಾದಸ್ಥನಾದರೆ ಹೊಡೆದಾಡುವುದು ಬಲು ಕಷ್ಟ.

ಸೆಪ್ಟೆಂಬರ್ ಬಂತು. ದಾರಿಬದಿಯ ಮರಗಳಲ್ಲಿ ಕೆಂಪು ಹಣ್ಣಿನ ಗೊಂಚಲುಗಳು ತೂಗುತ್ತಿದ್ದವು. ಸಭೆಗೆ ನಾಲ್ಕು ದಿನವಿತ್ತು. ನನ್ನ ಭಾಷಣಕ್ಕೆ ಇನ್ನೊಂದಿಷ್ಟು ಕಣ್ಣೀರು ಬೇಕು ಅನ್ನಿಸಿ ಗದಗಿಗೆ ಫೋನು ಹಚ್ಚಿದೆ. ದೊಡ್ಡಜ್ಜಿ ತೀರಿಕೊಂಡು ವರ್ಷಗಳಾಗಿದ್ದವು. ಸಣ್ಣಜ್ಜಿ ಫೋನು ಎತ್ತಿದಳು. ಇಲ್ಲಿನ ಮೂವರ ಸುದ್ದಿಯನ್ನೆಲ್ಲ ಹೇಳಿ, ನೀವಿಬ್ಬರೂ ಅಕ್ಕತಂಗಿಯರ ಹಾಗೆ ಇದ್ದಿರಲ್ಲ, ಅದರ ಬಗ್ಗೆ ನಾಲ್ಕು ಮಾತು ಹೇಳು ಎಂದೆ.

"ಯಾರ ಹೇಳ್ಯಾರ ನಿನಗ?" ಅಂದಳು ಅಜ್ಜಿ.

"ಎಲ್ಲಾರೂ ಅಂತಾರಲ್ಲಜ್ಜಿ."

"ಎಲ್ಲಾರೂ ಅಂದ್ರ ನಿಮ್ಮ ಅಜ್ಜನ ಕಡೀ ಮಂದಿ. ನನ್ನ ಮದುವಿ ದಿನಾ ದೊಡ್ಡಾಕಿ ಕಾಳಿನ ಖೋಲ್ಯಾಗ ಕುಂತು ಅಳಾಕತ್ತಿದ್ಲು. ಆಕಿನ್ನ ಯಾರೂ ಕೇಳಿದ್ದಿಲ್ಲ. ನನ್ನೂ ಯಾರೂ ಕೇಳಿದ್ದಿಲ್ಲ. ಮುದುಕ ಹ್ವಾದ ಮ್ಯಾಲೆ ನಾವಿಬ್ಬರೂ ಭಾಳ ಛಲೋ ಇದ್ವಿ. ಬೇಕಾದ್ರ ಅದನ್ನ ಬರಕೋ."

ಬರೆದುಕೊಳ್ಳಲು ಹಿಡಿದಿದ್ದ ಪೆನ್ನನ್ನು ಕೆಳಗಿಟ್ಟೆ. ಅಜ್ಜಿ ಬಿಡಲಿಲ್ಲ.

"ಅಲ್ಲಿ ಆ ನಿಮ್ಮ ಮಂದಿ ಒಬ್ಬರನ್ನೊಬ್ಬರು ಕೇಳ್ಯಾರೇನು?"

"ಗೊತ್ತಿಲ್ಲಜ್ಜಿ."

"ಹಂಗಾರ ಮದ್ಲ ಕೇಳು. ಕೇಳಿದ್ರಂದ್ರ ಅವರ ಸುದ್ದಿ ಹೇಳು. ನಮ್ಮದನ್ನ ಮಾರಬ್ಯಾಡ."

ಆ ಬೇಸಿಗೆಯಲ್ಲಿ ನಾನು ಮಾಡಿದ ಎಡವಟ್ಟುಗಳನ್ನು ಉಬ್ಬಿಸಿ ಹೇಳುವುದು ನನಗೆ ಇಷ್ಟ. ಇದೊಂದನ್ನು ಮಾತ್ರ ಉಬ್ಬಿಸುವ ಅಗತ್ಯವಿಲ್ಲ. ಇಡೀ ಬೇಸಿಗೆ ಒಂದು ಮನೆಯ ಪರವಾಗಿ ಊರೆಲ್ಲ ಸೈಕಲ್ ತುಳಿದಿದ್ದೆ. ಆ ಮನೆಯ ಮೇಜಿನಲ್ಲಿ ಕೂತು, ಇದು ಹೇಗೆ ಶುರುವಾಯಿತು ಎಂದು ಒಮ್ಮೆಯೂ ಕೇಳಿರಲಿಲ್ಲ. ನನಗೆ ನನ್ನ ಕತೆಯೇ ರುಚಿಯಾಗಿತ್ತು.

ಕೆಳಗೆ ಇಳಿದು ಹೋಗಿ ಎಲ್ಲ ಒಪ್ಪಿಕೊಂಡೆ. ಕರಪತ್ರ ಸುಳ್ಳು, ಒಂದೇ ತಟ್ಟೆ ಸುಳ್ಳು, ಕಂಬಳಿಯಂತೂ ಶುದ್ಧ ಸುಳ್ಳು, ಗದಗಿನ ಬಿಸಿಲಿಗೆ ಯಾರು ಕಂಬಳಿ ಹೊದೆಯುತ್ತಾರೆ. ಗುನಿಲ್ಲಮ್ಮ ಕೆಂಪಾದರು. ರೂತಮ್ಮ ಪೂರ್ತಿ ಕೇಳಿಸಿಕೊಂಡು, ನಿನ್ನ ಅಜ್ಜಿ ಹೇಳಿದ್ದನ್ನು ಹಾಗೇ ಹೇಳು, ಒಂದು ಮಾತೂ ಬಿಡಬೇಡ ಎಂದರು. ಅದರಿಂದ ಸೋತರೆ ಎಂದೆ. ಸುಳ್ಳು ಹೇಳಿಕೊಂಡು ಆರ್ಗನ್ ಮುಂದೆ ಕೂತದ್ದು ಸಾಕಾಗಿದೆ ಎಂದರು.

ಸಭೆಯ ದಿನ ಚರ್ಚಿನ ಬೆಂಚುಗಳೆಲ್ಲ ತುಂಬಿದ್ದವು. ರೂತಮ್ಮ ಹಿಂದಿನ ಸಾಲಿನಲ್ಲಿ ಕೋಟು ಬಿಚ್ಚದೆ ಕೂತಿದ್ದರು, ಯಾವ ಕ್ಷಣದಲ್ಲಾದರೂ ಎದ್ದು ಹೋಗಬೇಕಾದವರ ಹಾಗೆ. ಇಲ್ಲಿನ ಸಭೆಗಳಲ್ಲಿ ಸದಸ್ಯನಲ್ಲದವನು ಮಾತಾಡಬೇಕಾದರೆ ಸಭೆಯೇ ಒಪ್ಪಿಗೆ ಕೊಡಬೇಕು. ಪಾಸ್ಟರ್ ಕೇಳಿದರು, ಗೊಣಗಾಟವೆದ್ದಿತು. ಮಾತಾಡಲಿ ಎಂದು ಮೊದಲು ಹೇಳಿದವರು ಬೆಂಗ್ಟ್.

ನಾನು ಎದ್ದೆ. ಬರೆದು ತಂದಿದ್ದ ಭಾಷಣ ಸೈಕಲ್ ಬುಟ್ಟಿಯಲ್ಲೇ ಉಳಿದಿತ್ತು. ಬರುವ ಸ್ವೀಡಿಷ್ ಎಲ್ಲ ಒಟ್ಟುಗೂಡಿಸಿ, ಬಾರದ ಕಡೆ ಇಂಗ್ಲಿಷ್ ತುರುಕಿ, ಕರಪತ್ರದ ಅಜ್ಜಿಯರು ನನ್ನ ಸೃಷ್ಟಿ, ನಿಜವಾದ ಅಜ್ಜಿಯರನ್ನು ಯಾರೂ ಕೇಳಿರಲಿಲ್ಲ ಎಂದೆ. ಕಾಳಿನ ಕೋಣೆಯ ಮಾತು ಹೇಳಿದೆ. ಎಸ್ಕಿಲ್‌ಸ್ಟುನಾದಿಂದ ಬಂದಿದ್ದ ನಮ್ಮ ಖಜಾಂಚಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಮುದುಕ ಹೋದ ಮೇಲೆ ಚೆನ್ನಾಗಿದ್ದರು ಎಂಬಲ್ಲಿ ಮುಂದಿನ ಸಾಲಿನ ವಿಧವೆಯರು ನಕ್ಕರು.

ಬೆಂಗ್ಟ್ ಎದ್ದರು. "ಅಂದರೆ ನಿಮ್ಮ ಸಾಕ್ಷಿಯೇ ನನ್ನ ಪರವಾಗಿ ಹೇಳ್ತಿದ್ದಾರೆ."

"ಅರ್ಧ ಮಾತ್ರ" ಅಂದೆ. "ಉಳಿದರ್ಧ ಒಂದು ಪ್ರಶ್ನೆ. ಇವರು ಒಬ್ಬರನ್ನೊಬ್ಬರು ಕೇಳಿದ್ದರಾ ಅಂತ. ಅದಕ್ಕೆ ಉತ್ತರ ನಾನು ಹೇಳಬಾರದು. ರೂತ್ ಇಲ್ಲೇ ಇದ್ದಾರೆ. ಈ ಬೇಸಿಗೆಯಲ್ಲಿ ನಾನೂ ಅವರನ್ನ ಕೇಳಲಿಲ್ಲ, ನೀವೂ ಕೇಳಲಿಲ್ಲ."

ಬೆಂಗ್ಟ್ ನನ್ನನ್ನು ನೋಡಿದರು. ಆಮೇಲೆ ಅವರು ನಿಧಾನಕ್ಕೆ ಹಿಂದಿನ ಸಾಲಿನ ಕಡೆ ತಿರುಗಿದರು.

"ರೂತ್, ನಿನ್ನನ್ನ ಕೇಳಿದ್ದರಾ?"

ರೂತಮ್ಮ ಎದ್ದು ನಿಂತರು.

"ಗುನಿಲ್ಲಾ ಕೇಳಿದಳು. ನನ್ನ ಗಂಡ ತೀರಿಕೊಂಡು ಮೂರು ವರ್ಷ ಆಗಿತ್ತು. ನಾನು ಬೇಡ ಅಂದೆ. ಮುಂದಿನ ವರ್ಷ ಮತ್ತೆ ಕೇಳಿದಳು, ಮತ್ತೆ ಬೇಡ ಅಂದೆ. ಅವಳು ನನ್ನ ಜೊತೆ ಊಟ ಮಾಡೋದು ಬಿಡಲಿಲ್ಲ. ಮೂರನೇ ಸಲ ಅವಳು ಕೇಳಲಿಲ್ಲ. ನಾನೇ ಹೋಗಿ ಅವಳನ್ನ ಕೇಳಿದೆ."

"ಲಾರ್ಸ್?" ಎಂದರು ಬೆಂಗ್ಟ್.

ಲಾರ್ಸಪ್ಪ ಗಂಟಲು ಸರಿಮಾಡಿಕೊಂಡರು. "ನನ್ನನ್ನ ಕೊನೆಗೆ ಕೇಳಿದರು" ಅಂದರು.

ನಗು ಮುಂದಿನ ಸಾಲಿನಲ್ಲಿ ಶುರುವಾಗಿ ಹಿಂದಿನವರೆಗೆ ಹೋಯಿತು. ಪಾಸ್ಟರ್ ಕೂಡ ನಕ್ಕರು, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ಚೀಟಿಯಲ್ಲಿ ಮತ ಹಾಕಿದರು. ಎಣಿಸುವಾಗ ಯಾರೂ ಕಾಫಿ ಮುಟ್ಟಲಿಲ್ಲ; ಸ್ವೀಡನ್ನಿನಲ್ಲಿ ಅಂಥ ದೃಶ್ಯವನ್ನು ನಾನು ಆಮೇಲೆ ಎಂದೂ ಕಂಡಿಲ್ಲ. ಒಂಬತ್ತು ಮತಗಳ ಅಂತರದಲ್ಲಿ ಮೂವರೂ ಉಳಿದರು. ಪೂರ್ಣ ಸದಸ್ಯರಾಗಿ, ಪ್ರಭುಭೋಜನದ ಹಕ್ಕಿನೊಂದಿಗೆ, ಬಾಡಿಗೆಯವಳು ಎಂಬ ಸುಳ್ಳಿಲ್ಲದೆ. ಆಶೀರ್ವಾದದ ಬೇಡಿಕೆಯನ್ನು ಒಂದು ಸಮಿತಿಗೆ ಒಪ್ಪಿಸಿದರು. ನಮ್ಮೂರಿನಲ್ಲಿ ಸಮಿತಿಗೆ ಹೋದದ್ದು ಸತ್ತಂತೆ. ಇಲ್ಲಿ ಸಮಿತಿಗೆ ಹೋದದ್ದು ಬದುಕಿತು ಎಂದು ಅರ್ಥ. ಬಾಗಿಲ ಬಳಿ ನಡುವಯಸ್ಸಿನ ಹೆಂಗಸೊಬ್ಬರು ಗುನಿಲ್ಲಮ್ಮನ ತೋಳು ಹಿಡಿದು ಮೆಲ್ಲಗೆ, ನಮ್ಮ ಮನೆಯೂ ನಿಮ್ಮಂಥದ್ದೇ, ಸಂಘಕ್ಕೆ ಸೇರುವುದು ಹೇಗೆ ಎಂದು ಕೇಳಿದರು. ಉದ್ದ ಮೇಜು ಸಂಘಕ್ಕೆ ಕೊನೆಗೂ ಒಬ್ಬ ಸಾಮಾನ್ಯ ಸದಸ್ಯೆ ಸಿಕ್ಕರು. ನಾನು ಅಲ್ಲೇ ಕುಣಿದೆ. ಕುಣಿಯುವಾಗ ಛತ್ರಿ ಸ್ಟ್ಯಾಂಡು ಬಿತ್ತು.

ಚರ್ಚಿನ ನಡಾವಳಿ ನೋಡಿ ಸಹಿ ಹಾಕುವ ಪಾಳಿ ಅವತ್ತು ಬೆಂಗ್ಟ್ ಅವರದ್ದು. ತಾವು ವಿರುದ್ಧ ಮತ ಹಾಕಿದ್ದಾಗಿಯೂ, ಮುಂದೆಯೂ ಹಾಗೇ ಹಾಕುವುದಾಗಿಯೂ ನನಗೆ ಸ್ಪಷ್ಟವಾಗಿ ಹೇಳಿದರು. ಆಮೇಲೆ ಪ್ರತಿ ಸಾಲು ಓದಿ, ನಡೆದದ್ದು ಹೀಗೇ ಎಂದು ಸಹಿ ಹಾಕಿದರು.

ಅಜ್ಜಿಗೆ ಫೋನ್ ಮಾಡಿ ಗೆದ್ದೆವು ಎಂದೆ. ಆಕೆ ಕೇಳಿದ್ದು ಒಂದೇ: "ದೊಡ್ಡಾಕಿ ಅತ್ತದ್ದು ಹೇಳಿದೇನು?" ಹೇಳಿದೆ ಅಂದೆ. "ಹಂಗಾರ ಗೆದ್ರಿ" ಅಂದಳು.

ಮುಂದಿನ ಭಾನುವಾರ ನಾನೂ ಹೋದೆ. ಬೆಂಗ್ಟ್ ಕೈಯಲ್ಲಿ ಸಂಖ್ಯೆಯ ಬಿಲ್ಲೆಗಳನ್ನು ಹಿಡಿದುಕೊಂಡು ಖಾಲಿ ಹಲಗೆಯ ಮುಂದೆ ನಿಂತಿದ್ದರು. ಎಲ್ಲರಿಗೂ ಕೇಳುವಂತೆ, "ರೂತ್, ಇವತ್ತು ಯಾವ ಹಾಡು?" ಎಂದರು. ರೂತಮ್ಮ ಸಂಖ್ಯೆ ಹೇಳಿದರು. ಬೆಂಗ್ಟ್ ಅದನ್ನು ಹಲಗೆಗೆ ಏರಿಸಿದರು. ಆಮೇಲೆ ಆರ್ಗನ್ ಎದ್ದಿತು ನೋಡಿ. ಐದು ತಿಂಗಳು ಮೇಜಿನ ಅಂಚಿನಲ್ಲಿ ಕೂಡಿಟ್ಟದ್ದೆಲ್ಲ ಒಂದೇ ಸಲ ಬಂತು, ಕಿಟಕಿಯ ಗಾಜು ಝುಂ ಎಂದಿತು, ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದವರು ಬೆಂಗ್ಟ್. ನಾನು ತಡೆಯಲಾರದೆ ಎದ್ದು ನಿಂತುಬಿಟ್ಟೆ. ಮೊದಲ ಹಾಡಿಗೆ ಅಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲವಂತೆ. ಗುನಿಲ್ಲಮ್ಮ ನನ್ನ ಜಾಕೆಟ್ಟು ಹಿಡಿದು ಎಳೆದರು. ಆರ್ಗನ್ ಮೇಲಿನ ಪುಟ್ಟ ಕನ್ನಡಿಯಲ್ಲಿ, ಕೂತ ಜನರ ನಡುವೆ ಒಬ್ಬನೇ ಕಂಬದ ಹಾಗೆ ನಿಂತ ನನ್ನನ್ನು ರೂತಮ್ಮ ನೋಡಿದರು, ಭುಜ ಕುಲುಕುವಂತೆ ನಕ್ಕರು, ಒಂದು ಸ್ವರ ತಪ್ಪಿತು. ಅದು ಎಲ್ಲರಿಗೂ ಕೇಳಿಸಿತು. ಅದನ್ನು ಮಾತ್ರ ಯಾರೂ ನಡಾವಳಿಯಲ್ಲಿ ಬರೆಯಲಿಲ್ಲ.